ನಿಮಗೆ ಬರೀ ನೀರು ಸಾಕು

ನಾವೆಲ್ಲ ಅವನನ್ನು ಚಿಟಿಕೆ ಎಂದೇ ಕರೆಯುತ್ತಿದ್ದೆವು. ಹೆತ್ತವರು ಇಟ್ಟ ಹೆಸರು ಪಿಂಚಣಿ ಪುಸ್ತಕದಲ್ಲಿ ಭದ್ರವಾಗಿತ್ತು. ಯಾರಾದರೂ ಆ ಹೆಸರು ಹಿಡಿದು ಕೂಗಿದರೆ, ತನ್ನ ಬೆನ್ನ ಹಿಂದೆ ಇನ್ಯಾರೋ ನಿಂತಿದ್ದಾರೆಂದು ಅವನೇ ತಿರುಗಿ ನೋಡುತ್ತಿದ್ದ. ಚಿಟಿಕೆ ಎಂಬ ಹೆಸರು ಕೊಟ್ಟವರು ಗಾಜಿನ ಕಾರ್ಖಾನೆಯ ಭಟ್ಟಿಯವರು. ಅಲ್ಲಿ ಇಪ್ಪತ್ತೆಂಟು ವರ್ಷ ಅವನು ಮಾಡಿದ ಕೆಲಸ ಒಂದೇ. ಬೆಂಕಿಯ ಮುಂದೆ ನಿಂತು ಬೇಯುವವರಿಗೆ ಕುಡಿಯಲು ಕಲಸಿ ಕೊಡುವುದು.

ಇದೂ ಒಂದು ಕೆಲಸವೇ ಎಂದು ಮೂಗು ಮುರಿಯುವವರು ಒಂದು ಸಲ ಆ ಭಟ್ಟಿಮನೆಗೆ ಹೋಗಿ ಬರಬೇಕಿತ್ತು. ಕರಗಿದ ಗಾಜು ಕೆಂಡದುಂಡೆಯಾಗಿ ಅಚ್ಚಿಗೆ ಬೀಳುವ ಜಾಗದಲ್ಲಿ ಇಪ್ಪತ್ತು ನಿಮಿಷ ನಿಂತು ಹೊರಬಂದವನ ಅಂಗಿಯನ್ನು ಹಿಂಡಿ ನೆಲ ಒರೆಸಬಹುದಿತ್ತು. ಅಂಗಿ ಒಣಗಿದ ಮೇಲೆ ಬೆನ್ನ ತುಂಬ ಬಿಳಿ ಗೆರೆಗಳು. ಮೈಯಿಂದ ಹೊರಟ ಉಪ್ಪು ಅದು. ಹೋದದ್ದು ಮತ್ತೆ ಮೈಗೆ ಸೇರದಿದ್ದರೆ ಪಾಳಿ ಮುಗಿಯುವುದರೊಳಗೆ ಮೀನಖಂಡ ಹಿಡಿದುಕೊಂಡು ಆಳು ನೆಲಕ್ಕೆ ಕೂರುತ್ತಿದ್ದ. ಕಾರ್ಖಾನೆಯ ಡಾಕ್ಟರು ಚಿಟಿಕೆಯನ್ನು ಎದುರಿಗೆ ಕೂರಿಸಿಕೊಂಡು, ಲೋಟಕ್ಕೆ ಇಷ್ಟು ಉಪ್ಪು, ಇಷ್ಟು ಸಕ್ಕರೆ, ನಾಲ್ಕು ಹನಿ ನಿಂಬೆರಸ ಎಂದು ಹೇಳಿಕೊಟ್ಟಿದ್ದರು. ಉಪ್ಪಿಗೆ ಅವನು ಚಮಚ ಮುಟ್ಟಿದವನಲ್ಲ. ಹೆಬ್ಬೆರಳು, ತೋರುಬೆರಳು, ಎರಡೇ. "ನಡುಬೆರಳು ಸೇರಿತು ಅಂದ್ರೆ ಅದು ಚಿಟಿಕೆ ಅಲ್ಲ, ದರೋಡೆ" ಅನ್ನುತ್ತಿದ್ದ.

ಭಟ್ಟಿಮನೆಯ ಮಾತೇ ಬೇರೆ. ಚಿಟಿಕೆ ಕಲಸಿದ್ದಕ್ಕೆ ಅಲ್ಲಿ 'ನೀರು' ಎಂದು ಹೆಸರು. ನಲ್ಲಿ ತಿರುಗಿಸಿದರೆ ಬರುವುದಕ್ಕೆ 'ಸಪ್ಪೆ' ಎಂದು ಹೆಸರು. ಸಪ್ಪೆ ಆಫೀಸಿನವರಿಗೆ, ಫ್ಯಾನಿನ ಕೆಳಗೆ ಕೂತು ರುಜು ಹಾಕುವವರಿಗೆ. "ನೀರು ಕೊಡೋ ಚಿಟಿಕೆ" ಎಂದು ಬೆವರೊರೆಸುತ್ತ ಬಂದವನಿಗೆ ಸಪ್ಪೆ ಕೊಟ್ಟರೆ ಅದು ಜಗಳದ ವಿಷಯ.

ಒಂದು ಬೇಸಿಗೆಯಲ್ಲಿ ಒಬ್ಬ ಹಟಮಾರಿ, ನಿನ್ನ ಉಪ್ಪು ನೀನೇ ನೆಕ್ಕಿಕೋ ಎಂದು, ಪಾಳಿಯುದ್ದಕ್ಕೂ ಸಪ್ಪೆಯನ್ನೇ ಕೊಡಗಟ್ಟಲೆ ಕುಡಿದ. ಮಧ್ಯಾಹ್ನದ ಹೊತ್ತಿಗೆ ವಾಂತಿ, ತಲೆನೋವು. ಆಮೇಲೆ ಪಕ್ಕದಲ್ಲೇ ಕೆಲಸ ಮಾಡುತ್ತಿದ್ದ ಒಡಹುಟ್ಟಿದ ಅಣ್ಣನನ್ನು "ನೀವು ಯಾರು?" ಎಂದು ಕೇಳಿದ. ಆಸ್ಪತ್ರೆಗೆ ಹಾಕಿ ಉಳಿಸಿಕೊಂಡರು. ಡಾಕ್ಟರು ಹೇಳಿದರು, ನೀರು ಕಮ್ಮಿಯಾಗಿ ಅಲ್ಲ, ಉಪ್ಪಿಲ್ಲದ ನೀರು ಅತಿಯಾಗಿ ಹೀಗಾಯಿತು ಎಂದು. ಬೇರೆಯವರು ಅದನ್ನು ಒಂದು ತಿಂಗಳಲ್ಲಿ ಮರೆತರು. ಚಿಟಿಕೆ ಮರೆಯಲಿಲ್ಲ. ಬರೀ ನೀರನ್ನು ಕಂಡರೆ ಅವನಿಗೆ ಆವತ್ತಿನಿಂದ ಒಂದು ಗುಮಾನಿ.

ಮದುವೆಯ ಮಾತು ಎರಡು ಸಲ ಬಂದಿತ್ತಂತೆ. ಎರಡು ಸಲವೂ ಹೆಣ್ಣು ನೋಡುವ ದಿನ ಅವನಿಗೆ ಪಾಳಿ ಬಿತ್ತು. ಮೂರನೇ ಸಲ ಕೇಳುವ ಗೋಜಿಗೆ ಯಾರೂ ಹೋಗಲಿಲ್ಲ, ಅವನೂ ಹೋಗಲಿಲ್ಲ. ಅಕ್ಕನಿದ್ದಳು. ಅಕ್ಕನ ಗಂಡ ದರ್ಜಿ. ಕೆಳಗೆ ಅಂಗಡಿ, ಅಂಗಡಿಯ ಹಿಂದೆ ಅಕ್ಕನ ಮನೆ, ಮೇಲೆ ಒಂದೇ ಕೋಣೆ. ಆ ಕೋಣೆ ಚಿಟಿಕೆಯದು. ಕಬ್ಬಿಣದ ಮಂಚ, ಗೋಡೆಗೊಂದು ಗೂಟ, ಕಿಟಕಿಯಲ್ಲಿ ಕನ್ನಡಿ. ಅಕ್ಕ ಇರುವವರೆಗೆ ಊಟಕ್ಕೆ ಕೆಳಗೆ ಇಳಿಯುತ್ತಿದ್ದ. ನಾನು ಹೇಳಹೊರಟ ಹೊತ್ತಿಗೆ ಅವಳು ಹೋಗಿ ಎರಡು ವರ್ಷವಾಗಿತ್ತು. ಆಮೇಲೆ ಭಾವ ಅಂಗಡಿಯಲ್ಲೇ ಬಟ್ಟೆಯ ರಾಶಿಯ ನಡುವೆ ಡಬ್ಬಿ ಬಿಚ್ಚಿ ಉಣ್ಣುತ್ತಿದ್ದ, ಇವನು ಮೇಲೆ ಸ್ಟವ್ ಹಚ್ಚುತ್ತಿದ್ದ. ಜಗಳವೇನೂ ಇರಲಿಲ್ಲ. ಇಬ್ಬರನ್ನೂ ಒಂದೇ ತಟ್ಟೆಯ ಮುಂದೆ ತಂದು ಕೂರಿಸುತ್ತಿದ್ದವಳು ಇರಲಿಲ್ಲ, ಅಷ್ಟೇ. ಮೆಟ್ಟಿಲು ಇಳಿಯುವಾಗ "ಏನು ಭಾವ", ಹತ್ತುವಾಗ "ಏನಯ್ಯಾ". ಕೆಲವು ದಿನ ಅದೂ ಇಲ್ಲ.

ನಿವೃತ್ತಿಯಾದ ಮೇಲೆ ಆರು ತಿಂಗಳು ಅವನು ಕಿಟಕಿಯಲ್ಲಿ ಕೂತು ರಸ್ತೆ ನೋಡಿದ. ಇಪ್ಪತ್ತೆಂಟು ವರ್ಷ ಕೈ ಚಾಚಿದವರ ಮುಖ ನೋಡಿ ಲೋಟ ಕೊಟ್ಟವನಿಗೆ ಕೈ ಚಾಚುವವರೇ ಇಲ್ಲ. ಆ ಹೊತ್ತಿಗೆ ನಮ್ಮ ಓಟದ ಮೈದಾನದ ಕಾವಲುಗಾರನ ಪ್ಯಾಂಟು ಭಾವನ ಅಂಗಡಿಗೆ ಹೊಲಿಗೆಗೆ ಬಂತು. ಅವನ ಬಾಯಲ್ಲಿ, ಬೆಳಿಗ್ಗೆ ನಡೆಯೋರು, ಓಡೋರು ತುಂಬಾ ಬರ್ತಾರೆ, ನಲ್ಲಿ ಕೆಟ್ಟು ತಿಂಗಳಾಯ್ತು, ಕುಡಿಯೋಕೆ ತೊಟ್ಟು ನೀರಿಲ್ಲ ಎಂಬ ಮಾತು ಬಂತು. ಮರುದಿನವೇ ಚಿಟಿಕೆ ಸೈಕಲ್ಲಿನ ಹಿಂದೆ ನಲ್ಲಿಯಿರುವ ಸ್ಟೀಲ್ ಡ್ರಮ್ಮು ಕಟ್ಟಿ, ಕಾರ್ಖಾನೆಯಿಂದ ಬೀಳ್ಕೊಡುಗೆಯಾಗಿ ಬಂದಿದ್ದ ದೊಡ್ಡ ಲೋಟಗಳನ್ನು ಚೀಲಕ್ಕೆ ಹಾಕಿಕೊಂಡು ಗೇಟಿನೊಳಗೆ ಬಂದ. ಪುಕ್ಕಟೆ. ಯಾಕೆ ಎಂದು ಕೇಳಿದವರಿಗೆ "ಕೈ ಕಡೀತಾ ಇತ್ತು" ಅಂದ.

ಮೂರು ತಿಂಗಳಲ್ಲಿ ನಲ್ಲಿ ರಿಪೇರಿಯಾಯಿತು. ಆದರೆ ಯಾರೂ ನಲ್ಲಿಗೆ ಹೋಗಲಿಲ್ಲ. ಆರು ಗಂಟೆಯಿಂದ ಏಳೂವರೆಯವರೆಗೆ ಮೈದಾನದ ಕಲ್ಲುಮೆಟ್ಟಿಲ ಬುಡದಲ್ಲಿ ಅವನ ಮೇಜು, ಮೇಜಿನ ಸುತ್ತ ನಾವು. ಯಾರ ಮಂಡಿ ನೋವು, ಯಾರ ಸೊಸೆ ಮುನಿಸಿಕೊಂಡಳು, ಯಾರ ನಾಯಿ ಮರಿ ಹಾಕಿತು, ಎಲ್ಲ ಸುದ್ದಿ ಆ ಡ್ರಮ್ಮಿನ ಪಕ್ಕ ಬಂದು ಬೀಳುತ್ತಿತ್ತು. ಕನ್ನಡಕದ ಅಂಗಡಿಯವರಿಗೆ ಸಕ್ಕರೆ ಕಾಯಿಲೆ, ಅವರ ಲೋಟವನ್ನು ಬೇರೆಯಾಗಿ ಸಕ್ಕರೆಯಿಲ್ಲದೆ ಕಲಸುತ್ತಿದ್ದ. ಅಷ್ಟು ಎಚ್ಚರವಿತ್ತು ಅವನಿಗೆ. ಏಳೂವರೆ ಆದರೆ ನಾವು ನಮ್ಮ ನಮ್ಮ ದಾರಿ ಹಿಡಿಯುತ್ತಿದ್ದೆವು. ಅಲ್ಲಿಂದ ಮರುದಿನ ಬೆಳಿಗ್ಗೆಯವರೆಗೆ ಅವನ ನಾಲಿಗೆಗೆ ರಜೆ. ನಮಗೆ ಅದು ಗೊತ್ತಿರಲಿಲ್ಲ. ಗೊತ್ತುಮಾಡಿಕೊಳ್ಳುವ ಮನಸ್ಸೂ ಇರಲಿಲ್ಲ ಅನ್ನುವುದೇ ಸರಿ.

ಎಲ್ಲರಿಗಿಂತ ಮೊದಲು ಬಂದು ಕೊನೆಗೆ ಹೋಗುತ್ತಿದ್ದವರು ಟಪಾಲಮ್ಮ. ಅಂಚೆ ಕಚೇರಿಯಲ್ಲಿ ಕಿಟಕಿಯ ಹಿಂದೆ ಕೂತು ಮೂವತ್ತು ವರ್ಷ ಸೀಲು ಒತ್ತಿದವರು, ಇನ್ನೂ ಒತ್ತುತ್ತಿದ್ದವರು. ಬಾಯಿ ಜೋರು, ನಗು ಇನ್ನೂ ಜೋರು. ಎಂಟು ಸುತ್ತು ನಡೆದು ಬಂದು ಎರಡು ಲೋಟ ಕುಡಿದು ಕಲ್ಲುಮೆಟ್ಟಿಲ ಮೇಲೆ ಕೂತರೆ ಹದಿನೈದು ನಿಮಿಷ ಮಾತು. ಆ ಹದಿನೈದು ನಿಮಿಷಕ್ಕಾಗಿಯೇ ಚಿಟಿಕೆ ಬೆಳಿಗ್ಗೆ ಮುಖ ಕ್ಷೌರ ಮಾಡಿಕೊಂಡು ಬರುತ್ತಿದ್ದ ಎಂದು ಭಾವ ಆಮೇಲೆ ನನ್ನೊಡನೆ ಹೇಳಿದ. ಬೇರೆ ಅರ್ಥ ಕಟ್ಟಬೇಡಿ. ಮಾತಿಗೆ ಹಸಿದವನು ಮಾತು ಸಿಗುವ ಕಡೆ ಮುಖ ತೊಳೆದುಕೊಂಡು ಹೋಗುತ್ತಾನೆ.

ಒಂದು ಬೆಳಿಗ್ಗೆ ಟಪಾಲಮ್ಮ ಬಂದವರೇ ಮೇಜಿಗೆ ಕೈ ಊರಿ ನಿಂತರು.

"ಇವತ್ತು ಮೂರು ಲೋಟ ಕೊಟ್ರೂ ಬೇಡ ಅನ್ನಲ್ಲ ಅಣ್ಣ."

"ಯಾಕಮ್ಮ, ಟಪಾಲಿನ ಚೀಲ ಹೊತ್ಕೊಂಡು ನಡೆದ್ರಾ?"

"ಚೀಲ ಆಗಿದ್ರೆ ಇಳಿಸಿಬಿಡ್ತಿದ್ದೆ. ಡಾಕ್ಟರ ಬೈಗುಳ ಹೊತ್ಕೊಂಡು ಬಂದಿದ್ದೀನಿ. ಮೂರನೇ ಸಲ ಬಿಪಿ ಮಾತ್ರೆ ಜಾಸ್ತಿ ಮಾಡಿದ್ರು. ಕಾಲು ನೋಡಿ, ಚಪ್ಪಲಿ ಪಟ್ಟಿ ಹೇಗೆ ಕೂತಿದೆ. ಉಪ್ಪು ಎಲ್ಲಿಂದಲೋ ಒಳಗೆ ಹೋಗ್ತಾ ಇದೆ ಅಂತಾರೆ. ಮನೇಲಿ ಉಪ್ಪಿನ ಡಬ್ಬಿ ಎತ್ತಿಟ್ಟು ಆರು ತಿಂಗಳಾಯ್ತು ಡಾಕ್ಟ್ರೇ ಅಂದೆ. ಹೊರಗಡೆ ಏನಾದ್ರೂ? ಅಂದ್ರು. ಏನೂ ಇಲ್ಲ, ಬೆಳಿಗ್ಗೆ ನಡೆದು ಮೈದಾನದಲ್ಲಿ ಎರಡು ಲೋಟ ನೀರು ಕುಡೀತೀನಿ, ಅಷ್ಟೇ ಅಂದೆ."

ಚಿಟಿಕೆಯ ಕೈ ಲೋಟದ ಮೇಲೆಯೇ ನಿಂತಿತು.

"ನೀರು ಅಂದ್ರಾ?"

"ಮತ್ತೇನು ಅನ್ನಲಿ? ಹಾಲು ಅನ್ನಲಾ?"

"ಇದರಲ್ಲಿ... ಒಂದೆರಡು ಚಿಟಿಕೆ ಇರುತ್ತಲ್ಲಮ್ಮ."

"ಅಯ್ಯೋ, ಚಿಟಿಕೆ ಅಂದ್ರೆ ಲೆಕ್ಕಕ್ಕಿಲ್ಲದ್ದು ಅಂತ ತಾನೆ ಅಣ್ಣ!" ಎಂದು ನಕ್ಕು ಕೈ ಚಾಚಿದರು.

ಆವತ್ತು ನಿಂಬೆಹಣ್ಣು ಸರಿಯಿಲ್ಲ, ಕಹಿ ಬಂದಿದೆ ಎಂದು ಸುಳ್ಳು ಹೇಳಿ ಅವನು ನಲ್ಲಿಯಿಂದ ಬರೀ ನೀರು ಹಿಡಿದು ತಂದುಕೊಟ್ಟ. ಅವರು ಗಟಗಟನೆ ಕುಡಿದರು. ಲೋಟ ವಾಪಸು ಕೊಟ್ಟರು. ರುಚಿಯ ವ್ಯತ್ಯಾಸವೂ ಅವರಿಗೆ ತಿಳಿದಂತೆ ಕಾಣಲಿಲ್ಲ. ಅದು ಅವನಿಗೆ ಇನ್ನೊಂದು ಪೆಟ್ಟು.

ಮನೆಗೆ ಬಂದು ಅವನು ಸೈಕಲ್ ನಿಲ್ಲಿಸಿ, ಎರಡು ವರ್ಷದಲ್ಲಿ ಮೊದಲ ಸಲ ಭಾವನ ಅಂಗಡಿಯೊಳಗೆ ಸ್ಟೂಲು ಎಳೆದುಕೊಂಡು ಕೂತ. ಭಾವನ ಬಾಯಿ ತುಂಬ ಗುಂಡುಸೂಜಿ.

"ಭಾವ, ಭಟ್ಟಿಯವರ ಅಳತೆ ನಡೆಯೋರಿಗೆ ಹೆಚ್ಚಾಯ್ತೇನೋ."

ಭಾವ ಸೂಜಿಗಳನ್ನು ಒಂದೊಂದಾಗಿ ತೆಗೆದು ದಿಂಬಿಗೆ ಚುಚ್ಚಿದ. "ಪೈಲ್ವಾನನ ಅಳತೆ ತೆಗೆದು ಮಗುವಿಗೆ ಅಂಗಿ ಹೊಲಿದೆ ಅನ್ನು. ನಾಲ್ಕು ವರ್ಷದಿಂದ ಹೊಲೀತಾ ಇದ್ದೀಯ, ಇವತ್ತು ಗೊತ್ತಾಯ್ತಾ?"

"ಗೊತ್ತಾಗಿಲ್ಲ. ಗುಮಾನಿ."

"ದರ್ಜಿಗೆ ಗುಮಾನಿ ಬಂದ್ರೆ ಏನು ಮಾಡ್ತಾನೆ? ಟೇಪು ಹಿಡೀತಾನೆ."

ಚಿಟಿಕೆಗೆ ಕಾರ್ಖಾನೆಯ ಡಾಕ್ಟರು ಮಾಡುತ್ತಿದ್ದುದು ನೆನಪಾಯಿತು. ಪಾಳಿಗೆ ಮೊದಲು ಆಳನ್ನು ತೂಗುವುದು, ಪಾಳಿ ಮುಗಿದ ಮೇಲೆ ಬೆವರೊರೆಸಿ ಮತ್ತೆ ತೂಗುವುದು. ಎಷ್ಟು ಇಳಿಯಿತೋ ಅಷ್ಟೂ ನೀರು. ಒಂದು ಕಿಲೋ ಇಳಿದರೆ ಒಂದು ಲೀಟರು ಹೋಯಿತೆಂದು ಅರ್ಥ. ನಡುವೆ ಕುಡಿದದ್ದಿದ್ದರೆ ಅದನ್ನೂ ಸೇರಿಸಬೇಕು. ಭಟ್ಟಿಯವರು ಒಂದು ಪಾಳಿಗೆ ಕುಡಿದದ್ದೆಲ್ಲ ಸೇರಿ ನಾಲ್ಕು, ಐದು ಲೀಟರು ಬೆವರುತ್ತಿದ್ದರು. ನಮ್ಮನ್ನು ಅವನು ಒಂದು ದಿನವೂ ತೂಗಿರಲಿಲ್ಲ.

ಭಾವನ ಅಂಗಡಿಯ ಪಕ್ಕ ರದ್ದಿ ಪೇಪರು ಕೊಳ್ಳುವವನಿದ್ದ. ಅವನ ಅಂಗಡಿ ತೆರೆಯುವುದು ಒಂಬತ್ತಕ್ಕೆ. ಅಂಕಿ ಬೆಳಗುವ ಅವನ ತಕ್ಕಡಿಯನ್ನು ಒಂದು ವಾರದ ಮಟ್ಟಿಗೆ ಕಾಡಿಬೇಡಿ ತೆಗೆದುಕೊಂಡು ಚಿಟಿಕೆ ಮೈದಾನಕ್ಕೆ ಬಂದ. ನಮಗೆ ಒಂದು ತಮಾಷೆ ಸಿಕ್ಕಿತು.

"ಏನಣ್ಣ, ನಮ್ಮನ್ನೆಲ್ಲ ರದ್ದಿಗೆ ಹಾಕ್ತೀಯಾ?" ಎಂದರು ಕನ್ನಡಕದವರು.

"ನಿಮ್ಮನ್ನ ಹಾಕಿದ್ರೆ ಅವನೇ ವಾಪಸು ತಂದುಬಿಡ್ತಾನೆ, ಸುಮ್ನೆ ಹತ್ತಿ."

ಹೆಂಗಸರು ಅಂಕಿ ಕಾಣದಂತೆ ಟವೆಲು ಮುಚ್ಚಬೇಕೆಂದು ಹಟ ಹಿಡಿದರು. ಟಪಾಲಮ್ಮ ತಕ್ಕಡಿ ಹತ್ತುವಾಗ ಚಪ್ಪಲಿ ಬಿಟ್ಟು, ಬಳೆ ತೆಗೆದು, ಕೊನೆಗೆ ಉಸಿರೂ ಹೊರಗೆ ಬಿಟ್ಟರು. "ಪಾರ್ಸೆಲ್ ತೂಗೋವಾಗ ನಾನು ಯಾರಿಗೂ ಇಷ್ಟು ರಿಯಾಯಿತಿ ಕೊಟ್ಟಿಲ್ಲ" ಎಂದು ಅವರೇ ನಕ್ಕರು. ಆ ವಾರವೆಲ್ಲ ಅವರ ಲೋಟಕ್ಕೆ ನಿಂಬೆ ಮಾತ್ರ ಬಿತ್ತು. ಆದರೆ ಇಲ್ಲಿಯತನಕ ಬಿದ್ದದ್ದೇನು ಎಂಬುದನ್ನು ಚಿಟಿಕೆ ಬಾಯಿ ಬಿಟ್ಟು ಹೇಳಲಿಲ್ಲ.

ತೂಗುವಾಗ ಅವನ ಮನಸ್ಸಿನಲ್ಲಿದ್ದದ್ದನ್ನು ಭಾವನೊಡನೆ ಅವನೇ ಒಪ್ಪಿಕೊಂಡ. ಪ್ರತಿಯೊಬ್ಬರೂ ತಕ್ಕಡಿಯಿಂದ ಇಳಿಯುವಾಗ, ಒಂದು ಕಿಲೋ ಇಳಿದಿರಲಪ್ಪಾ, ಇವರಿಗೆ ನನ್ನ ನೀರು ಬೇಕು ಅಂತಾಗಲಪ್ಪಾ ಎಂದು ಹಂಬಲಿಸುತ್ತಿದ್ದನಂತೆ. ಅಂಕಿ ಹಂಬಲಕ್ಕೆ ಬಗ್ಗುವುದಿಲ್ಲ. ಟಪಾಲಮ್ಮ ಇಳಿದದ್ದು ಕಾಲು ಕಿಲೋ. ನಾನು ಮುನ್ನೂರು ಗ್ರಾಂ. ಕನ್ನಡಕದವರು ಅದಕ್ಕಿಂತ ಕಮ್ಮಿ, ಏಕೆಂದರೆ ಅವರು ನಡೆಯುವುದಕ್ಕಿಂತ ನಿಂತು ಮಾತಾಡುವುದೇ ಹೆಚ್ಚು. ಹದಿನಾಲ್ಕು ಜನರಲ್ಲಿ ಅರ್ಧ ಕಿಲೋ ದಾಟಿದವರು ಇಲ್ಲ. ಒಂದು ಲೋಟ, ಹೆಚ್ಚೆಂದರೆ ಒಂದೂವರೆ ಲೋಟ ಬರೀ ನೀರು ಕುಡಿದರೆ ತೀರಿತು. ಹೋದ ಅಷ್ಟಿಷ್ಟು ಉಪ್ಪನ್ನು ಬೆಳಗಿನ ತಿಂಡಿಯೇ ತುಂಬಿಕೊಡುತ್ತದೆ.

ಹದಿನೈದನೆಯವನು ಮಾತ್ರ ಬೇರೆ. ಬಸ್ಸಿನ ಡ್ರೈವರು. ವಾರದ ದಿನಗಳಲ್ಲಿ ಕಾಣದವನು ಭಾನುವಾರ ಬಂದು ಎರಡೂವರೆ ಗಂಟೆ ಬಿಡದೆ ಓಡುತ್ತಿದ್ದ. ದೂರದ ಓಟದ ಪಂದ್ಯವೊಂದಕ್ಕೆ ಮೈ ಹುರಿಗೊಳಿಸುತ್ತಿದ್ದ. ಮಾತು ಆಡಿದರೆ ದಂಡ ಕಟ್ಟಬೇಕೇನೋ ಎಂಬಂತಹ ಮನುಷ್ಯ. ಅವನು ತಕ್ಕಡಿ ಹತ್ತಿದಾಗ, ನಡುವೆ ಎರಡು ಲೋಟ ಕುಡಿದಿದ್ದರೂ, ಒಂದೂವರೆ ಕಿಲೋ ಇಳಿದಿತ್ತು. ಅವನ ಕಪ್ಪು ಬನಿಯನ್ನಿನ ಮೇಲೆ ಚಿಟಿಕೆಗೆ ಪರಿಚಯವಿದ್ದ ಬಿಳಿ ಗೆರೆಗಳು. ಅವನ್ನು ನೋಡಿ ಚಿಟಿಕೆಯ ಕಣ್ಣು ತುಂಬಿತಂತೆ. ಹದಿನೈದು ಜನರಲ್ಲಿ ಒಬ್ಬ. ವಾರಕ್ಕೆ ಒಂದು ದಿನ. ಅದೂ ಮಾತಾಡದವನು.

ಆ ಮಧ್ಯಾಹ್ನ ಮತ್ತೆ ಸ್ಟೂಲು ಎಳೆದ.

"ಹೇಳಿಬಿಟ್ರೆ ಯಾರು ಬರ್ತಾರೆ ಭಾವ?"

"ಬರೋದು ನೀರಿಗೋ ನಿನ್ನ ಮುಖಕ್ಕೋ ಅನ್ನೋದೂ ತೂಕಕ್ಕೆ ಬೀಳುತ್ತೆ ಬಿಡು."

"ಅದಕ್ಕೇ ಹೆದರ್ತಾ ಇರೋದು."

ಭಾವ ಹೊಲಿಗೆಯ ಯಂತ್ರದ ಚಕ್ರ ಹಿಡಿದು ನಿಲ್ಲಿಸಿದ. "ಆ ಹೆಂಗಸಿಗೆ ಇನ್ನೂ ಹೇಳಿಲ್ಲ ಅಲ್ವಾ?"

"ಉಪ್ಪು ನಿಲ್ಲಿಸಿದ್ದೀನಿ."

"ನಿಲ್ಲಿಸೋದು ಬೇರೆ, ಹೇಳೋದು ಬೇರೆ. ಉಪ್ಪು ಅಂತ ಡಾಕ್ಟರು ಜಾಸ್ತಿ ಮಾತ್ರೆ ಕೊಟ್ಟಿದ್ದಾರೆ. ಉಪ್ಪು ನಿಂತಿದೆ ಅಂತ ಅವರಿಗೆ ಯಾರು ಹೇಳಬೇಕು, ನಾನಾ? ಇದನ್ನ ನಿಮ್ಮಕ್ಕ ಕೇಳಿದ್ದಿದ್ರೆ ಆಗ್ಲೇ ನಿನ್ನ ಕಿವಿ ಹಿಂಡ್ತಿದ್ಲು."

ಸೋಮವಾರ ಬೆಳಿಗ್ಗೆ ನಾವು ಹೋದಾಗ ಡ್ರಮ್ಮಿನ ಮೇಲೆ ಲೋಟಗಳಿದ್ದವು, ಕಲಸಲು ತರುತ್ತಿದ್ದ ಡಬ್ಬಿಗಳು ಇರಲಿಲ್ಲ. ನಡಿಗೆ ಮುಗಿಸಿ ಎಲ್ಲರೂ ಸೇರುವವರೆಗೆ ಕಾದು ಚಿಟಿಕೆ ಎದ್ದುನಿಂತ. ಭಾಷಣ ಮಾಡಿ ಗೊತ್ತಿದ್ದವನಲ್ಲ. ಕೈ ಎಲ್ಲಿಡಬೇಕೆಂದು ತಿಳಿಯದೆ ಲೋಟವೊಂದನ್ನು ಹಿಡಿದುಕೊಂಡ.

"ಒಂದು ಮಾತಿದೆ. ನಾಲ್ಕು ವರ್ಷದಿಂದ ನಿಮಗೆ ನಾನು ಕೊಡ್ತಾ ಇದ್ದಿದ್ದು ಭಟ್ಟಿಯವರ ನೀರು. ಒಂದೊಂದು ಲೋಟಕ್ಕೆ ಎರಡು ಚಿಟಿಕೆ ಉಪ್ಪು, ಮೂರು ಚಮಚ ಸಕ್ಕರೆ. ಬೆಂಕಿ ಮುಂದೆ ನಿಲ್ಲೋರಿಗೆ ಅದು ಬೇಕು. ನಿಮಗೆ ಬೇಡ. ತೂಗಿ ನೋಡಿದೆ. ಮುಕ್ಕಾಲು ಗಂಟೆ, ಒಂದು ಗಂಟೆ ನಡೆಯೋರಿಗೆ ಬರೀ ನೀರು ಸಾಕು. ಮನೆಯಿಂದ ಬಾಟಲಿ ತಂದ್ರೆ ಆಯ್ತು, ಇಲ್ಲ ಅಂದ್ರೆ ನಲ್ಲಿ ಅಲ್ಲಿದೆ. ಬಾಯಾರಿದಾಗ ಕುಡೀರಿ, ಬಲವಂತವಾಗಿ ತುಂಬ್ಕೋಬೇಡಿ. ಗಂಟೆ ಮೇಲೆ ಓಡಿ ಅಂಗಿ ಮೇಲೆ ಉಪ್ಪು ಕಾಣಿಸ್ತು ಅಂದ್ರೆ ಮಾತ್ರ ನನ್ನ ಹತ್ತಿರ ಬನ್ನಿ."

"ಅಂದ್ರೆ ನನಗೆ ಉಪ್ಪೂ ಕುಡಿಸಿದ್ಯಾ?" ಎಂದರು ಕನ್ನಡಕದವರು. "ಸಕ್ಕರೆ ಬಿಟ್ಟು ಕೊಟ್ಟ ಅಂತ ಊರೆಲ್ಲ ಹೊಗಳ್ತಾ ಇದ್ದೆನಲ್ಲೋ!"

ಎರಡು ಮೂರು ಜನ ನಕ್ಕರು. ಟಪಾಲಮ್ಮ ನಗಲಿಲ್ಲ.

"ನಿಮಗೆ ಯಾವಾಗ ಗೊತ್ತಾಯ್ತು?"

"ಆವತ್ತೇ. ನೀವು ಡಾಕ್ಟರ ವಿಷಯ ಹೇಳಿದ ದಿನ. ಆಮೇಲೆ ನಿಮ್ಮ ಲೋಟಕ್ಕೆ ಹಾಕಿಲ್ಲ ಅಮ್ಮ, ಆಣೆ. ಇದನ್ನ ಇವತ್ತೇ ಡಾಕ್ಟರಿಗೆ ಹೇಳಿ. ಮಾತ್ರೆ ವಿಷಯ ಅವರೇ ನೋಡ್ಕೋಬೇಕು."

"ಆವತ್ತಿಂದ ಎಂಟು ದಿನ ಆಯ್ತು. ದಿನಾ ಇಲ್ಲೇ ಕೂತು ಮಾತಾಡಿದ್ದೀನಿ. ಎಂಟು ದಿನ ಹೇಗೆ ನನ್ನ ಮುಖ ನೋಡಿದ್ರಿ?"

ಅವನ ಬಳಿ ಉತ್ತರವಿತ್ತು. ಹೇಳಿದ್ದರೆ ನೀವು ನಾಳೆಯಿಂದ ಕೂರುತ್ತಿರಲಿಲ್ಲ ಎಂಬ ಉತ್ತರ. ಅದನ್ನು ಅಷ್ಟು ಜನರ ಮುಂದೆ ಹೇಗೆ ಹೇಳುವುದು? "ತಪ್ಪಾಯ್ತು" ಅಂದ. ಟಪಾಲಮ್ಮ ಬಳೆ ಸರಿಮಾಡಿಕೊಂಡು ಹೊರಟುಹೋದರು. ಆವತ್ತು ಅವರು ಮೆಟ್ಟಿಲ ಮೇಲೆ ಕೂರಲಿಲ್ಲ.

ಒಂದೇ ದಿನಕ್ಕೆ ಯಾರೂ ಬಿಡಲಿಲ್ಲ, ಅದು ಹಾಗಾಗುವುದೂ ಇಲ್ಲ. ಮರುದಿನ ಆರೇಳು ಜನ ಬಾಟಲಿ ಹಿಡಿದು ಬಂದರು, ಆದರೂ ಮೇಜಿನ ಹತ್ತಿರ ನಿಂತು ಎರಡು ಮಾತಾಡಿ ಹೋದರು. ಅದರ ಮರುದಿನ ನಡೆಯುತ್ತಲೇ ಕುಡಿದರು. ನಡೆಯುತ್ತ ಕುಡಿದ ಮೇಲೆ ನಿಲ್ಲುವುದಕ್ಕೆ ನೆಪ ಉಳಿಯಲಿಲ್ಲ. ಮನುಷ್ಯ ನಿಲ್ಲುವುದಕ್ಕೆ ಒಂದು ನೆಪ ಬೇಕು, ಸುಮ್ಮನೆ ನಿಲ್ಲಲು ನಮಗೆ ನಾಚಿಕೆ. ಕನ್ನಡಕದವರ ಹರಟೆ ಗೇಟಿನ ಹತ್ತಿರದ ಬೆಂಚಿಗೆ ಹೋಯಿತು. ಮಗಳು ತಂದುಕೊಟ್ಟ ನೀಲಿ ಬಾಟಲಿ ಹಿಡಿದು ನಾನೂ ಅವನ ಮುಂದೆಯೇ ಹಾದುಹೋದೆ. ಕೈ ಬೀಸಿದೆ. ಅವನೂ ಬೀಸಿದ. ಎರಡು ವಾರ ಕಳೆಯುವುದರೊಳಗೆ ಮೇಜಿನ ಹತ್ತಿರ ಅವನೂ ಡ್ರಮ್ಮೂ ಇಬ್ಬರೇ.

ಭಾನುವಾರ ಡ್ರೈವರು ಬಂದ. ಚಿಟಿಕೆ ಅವನಿಗಾಗಿ ಒಂದು ಲೀಟರು ಕಲಸಿ ಇಟ್ಟಿದ್ದ. ಈ ಸಲ ಬೆರಳಿನ ಅಳತೆಯಲ್ಲ, ಚಮಚದ್ದು. ಲೀಟರಿಗೆ ಕಾಲು ಚಮಚ ಉಪ್ಪು, ಎಂಟು ಚಮಚ ಸಕ್ಕರೆ, ಅರ್ಧ ನಿಂಬೆಹಣ್ಣು. ನಾಲ್ಕು ಸುತ್ತಿಗೊಮ್ಮೆ ಬಂದು ಗುಟುಕು ಗುಟುಕಾಗಿ ಕುಡಿಯಬೇಕೆಂದು ಹೇಳಿದ. ಅವನು ಹಾಗೆಯೇ ಕುಡಿದ. ಕೊನೆಗೆ ಬಂದು, ಯಾವತ್ತೂ ಆಡದವನು, ತಾನಾಗಿ ಮಾತಾಡಿದ.

"ಕಾಲು ಹಿಡ್ಕೊಂಡಿಲ್ಲ ಇವತ್ತು."

"ಹಿಡ್ಕೊಳ್ಳಲ್ಲ."

"ಅಳತೆ ಬರ್ಕೊಡ್ತೀರಾ? ಪಂದ್ಯ ಬೇರೆ ಊರಲ್ಲಿ. ನಮ್ಮ ಮನೆಯವಳು ಕಲಸ್ಕೊಡ್ತಾಳೆ."

ಚಿಟಿಕೆ ಜೇಬು ತಡಕಿದ. ಕಾಗದವಿರಲಿಲ್ಲ. ನಾನು ಆ ಹೊತ್ತಿಗೆ ಸರಿಯಾಗಿ ಹಾದುಹೋಗುತ್ತಿದ್ದೆ, ನನ್ನ ಬಳಿಯಿದ್ದ ಬಸ್ ಟಿಕೇಟು ಕೊಟ್ಟೆ. ಅದರ ಹಿಂದೆ ಅವನು ಮೂರು ಸಾಲು ಬರೆದುಕೊಟ್ಟ. ಬರೆಯುವಾಗ ಕೈ ತಡೆಯಲಿಲ್ಲ, ಅದನ್ನು ನಾನು ಕಣ್ಣಾರೆ ನೋಡಿದ್ದೇನೆ. ಮುಂದಿನ ಭಾನುವಾರದಿಂದ ಡ್ರೈವರು ಸೊಂಟಕ್ಕೆ ಬಾಟಲಿ ಕಟ್ಟಿಕೊಂಡು ಓಡಿದ. ನಿಲ್ಲಬೇಕಾದ ಅಗತ್ಯ ಅವನಿಗೂ ಇರಲಿಲ್ಲ.

ಆಮೇಲೆ ಡ್ರಮ್ಮು ಬರಲಿಲ್ಲ. ಚಿಟಿಕೆ ಬಂದ. ಮೇಜಿಲ್ಲದೆ ಕಲ್ಲುಮೆಟ್ಟಿಲ ಕೊನೆಯ ಹಂತದಲ್ಲಿ ಕೂತಿರುತ್ತಿದ್ದ. ಭಟ್ಟಿಯ ನೆಲ ಅವನ ಮಂಡಿಯನ್ನು ಎಂದೋ ತಿಂದುಹಾಕಿತ್ತು, ನಮ್ಮ ಜೊತೆ ನಡೆಯುವ ಮಾತೇ ಇರಲಿಲ್ಲ. ಗೊತ್ತಿಲ್ಲದವರು ನೋಡಿದರೆ ಯಾರನ್ನೋ ಕಾಯುತ್ತಿದ್ದಾನೆ ಅನ್ನಬೇಕು.

ಟಪಾಲಮ್ಮ ಇಪ್ಪತ್ತು ದಿನ ಬಂದಿರಲಿಲ್ಲ. ಬಂದ ದಿನ ನಾನು ಅವರ ಹಿಂದೆ ಹತ್ತು ಹೆಜ್ಜೆ ದೂರದಲ್ಲಿದ್ದೆ. ಕಾಲಿನ ಊತ ಇಳಿದಿತ್ತು, ಹೆಜ್ಜೆ ಬಿರುಸಾಗಿತ್ತು. ಚಿಟಿಕೆ ಕೂತಿದ್ದ ಕಡೆ ಬಂದಾಗ ನಿಲ್ಲಲಿಲ್ಲ. ಮುಖವನ್ನೂ ಪೂರ್ತಿ ತಿರುಗಿಸಲಿಲ್ಲ. ನಡೆಯುತ್ತಲೇ ಅಂದರು:

"ಮಾತ್ರೆ ಅರ್ಧಕ್ಕೆ ಇಳಿಸಿದ್ರು."

ಅವನು ಎದ್ದುನಿಂತು ಬಾಯಿ ತೆರೆಯುವುದರೊಳಗೆ ಅವರು ತಿರುವು ದಾಟಿದ್ದರು. ಮೈದಾನದ ಒಂದು ಸುತ್ತಿಗೆ ಐದು ನಿಮಿಷ. ಅವನು ನಿಂತೇ ಇದ್ದ. ಎರಡನೇ ಸುತ್ತಿಗೆ ಬಂದಾಗ ಹೇಳಿದ:

"ಒಳ್ಳೇದಾಯ್ತಮ್ಮ."

ಮೂರನೇ ಸುತ್ತಿಗೆ ಅವರು, "ಏನು ಒಳ್ಳೇದು? ಸಿಟ್ಟು ಇನ್ನೂ ಹೋಗಿಲ್ಲ" ಅಂದರು. ನಾಲ್ಕನೇ ಸುತ್ತಿಗೆ ಅವನು, "ಹೋಗೋವರೆಗೆ ಬಯ್ಯಿರಿ" ಅಂದ. ಐದನೇ ಸುತ್ತಿಗೆ ಅವರು, "ಬಯ್ಯೋಕೆ ನಿಲ್ಲಬೇಕು, ನಿಂತ್ರೆ ಕೆಲಸಕ್ಕೆ ತಡ ಆಗುತ್ತೆ" ಅಂದರು. ಆರನೇ ಸುತ್ತಿಗೆ ಅವನು ಒಂದು ಹಂತ ಕೆಳಗಿಳಿದು ದಾರಿಯ ಅಂಚಿಗೆ ಬಂದು ನಿಂತ. ಏಳನೆಯದಕ್ಕೆ "ಊಟ ಸರಿಯಾಗಿ ಮಾಡ್ತಾ ಇದ್ದೀರಾ? ಕರಗಿಹೋಗಿದ್ದೀರಲ್ಲ" ಅಂದರು.

ಉತ್ತರಕ್ಕೆ ಐದು ನಿಮಿಷವಿತ್ತು. ಅವನು ಯೋಚಿಸುತ್ತಿದ್ದುದು ಅವನ ಮುಂದೆ ಹಾದುಹೋಗುತ್ತಿದ್ದ ನನಗೆ ಕಾಣುತ್ತಿತ್ತು. ತುಟಿ ಅಲ್ಲಾಡುತ್ತಿತ್ತು, ಒಂದು ಮಾತು ಹೇಳಿನೋಡಿ, ಬೇಡವೆಂದು ಬಿಟ್ಟು, ಇನ್ನೊಂದು ಹುಡುಕುತ್ತಿದ್ದ. ಭಾವನ ಜೊತೆ ಒಂದು ಹೊತ್ತು ಉಣ್ಣುತ್ತೇನೆ ಎಂದು ಹೇಳಬೇಕೆಂದಿದ್ದನೋ, ಒಬ್ಬನಿಗೆ ಸ್ಟವ್ ಹಚ್ಚಲು ಬೇಜಾರು ಎಂದು ಹೇಳಬೇಕೆಂದಿದ್ದನೋ.

ಟಪಾಲಮ್ಮ ಆವತ್ತು ಎಂಟನೇ ಸುತ್ತು ಬರಲಿಲ್ಲ. ಗೇಟಿನ ಹತ್ತಿರ ಗಡಿಯಾರ ನೋಡಿ, ಹೊತ್ತಾಯಿತೆಂದು ಅಲ್ಲಿಂದಲೇ ಹೊರಬಿದ್ದು ಕಚೇರಿಯ ದಾರಿ ಹಿಡಿದರು. ಚಿಟಿಕೆಗೆ ಗೇಟು ಕಾಣುತ್ತಿರಲಿಲ್ಲ. ದಾರಿಯ ಅಂಚಿನಲ್ಲಿ, ಅವರು ಬರಬೇಕಾದ ತಿರುವಿನ ಕಡೆ ಮುಖ ಮಾಡಿ ನಿಂತಿದ್ದ. ನಾನು ಹೋಗಿ, ಅವರು ಹೋದರು ಎಂದು ಹೇಳಬಹುದಿತ್ತು. ನನ್ನ ಬಾಟಲಿಯಲ್ಲಿ ನೀರು ಮುಗಿದಿತ್ತು, ಬಿಸಿಲು ಏರುತ್ತಿತ್ತು, ನಾನೂ ಮನೆಯ ಕಡೆ ನಡೆದೆ.